ವೆಬ್ ಪುಟದ ಪಾಠ ಡಿ ಡ್ರೈವ್‌ನಲ್ಲೇ ಮುಗಿಯದಿರಲಿ

ಮಾನ್ಯರೇ,

ಪಿಯು ಕಾಲೇಜಿನ ಲ್ಯಾಬ್‌ಗಳಲ್ಲಿ, ಊರೂರಿನ ಕಂಪ್ಯೂಟರ್ ಸೆಂಟರ್‌ಗಳಲ್ಲಿ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಸುವುದು ಹೊಸದೇನಲ್ಲ. ವಿದ್ಯಾರ್ಥಿ ನೋಟ್‌ಪ್ಯಾಡ್ ತೆರೆಯುತ್ತಾನೆ, ಟೈಮ್‌ಟೇಬಲ್‌ನದೊಂದು ಪಟ್ಟಿ ಬರೆಯುತ್ತಾನೆ, ಬ್ರೌಸರ್‌ನಲ್ಲಿ ತೋರಿಸುತ್ತಾನೆ, ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತದೆ. ಆ ಪುಟ ಲ್ಯಾಬ್‌ನ ಡಿ ಡ್ರೈವ್‌ನಲ್ಲೇ ಉಳಿದು, ಮುಂದಿನ ಬ್ಯಾಚ್ ಬಂದಾಗ ಅಳಿಸಿಹೋಗುತ್ತದೆ. ಅದನ್ನು ಸರ್ವರ್‌ಗೆ, ಅಂದರೆ ಪುಟವನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ಒದಗಿಸುವ ಕಂಪ್ಯೂಟರ್‌ಗೆ, ಏರಿಸಿ, ಬೇರೊಬ್ಬರ ಮೊಬೈಲ್‌ನಲ್ಲಿ ತೆರೆದು ನೋಡುವ ಹಂತಕ್ಕೆ ಪಾಠ ಬರುವುದೇ ಇಲ್ಲ. ಅಪ್‌ಲೋಡ್ ಮಾಡುವುದನ್ನು ಕೊನೆಯ ಅಧ್ಯಾಯಕ್ಕೆ ತಳ್ಳದೆ ಮೊದಲ ದಿನವೇ ಮಾಡಿಸಬೇಕು ಎಂದು ಹೇಳಲು ಈ ಪತ್ರ. ವೆಬ್ ಪುಟದಲ್ಲಿ ಕಲಿಯಬೇಕಾದ ತಪ್ಪುಗಳಲ್ಲಿ ಹೆಚ್ಚಿನವು ನಮ್ಮ ಕಂಪ್ಯೂಟರ್‌ನಿಂದ ಸರ್ವರ್‌ಗೆ ಹೋಗುವ ದಾರಿಯಲ್ಲೇ ಕಾಣಿಸಿಕೊಳ್ಳುತ್ತವೆ. ಮನೆಯೊಳಗೆ ಸರಿಯಿದ್ದ ಪುಟ ಹೊರಗೆ ಹೋದ ಕೂಡಲೇ ಕೆಡುತ್ತದೆ, ಏಕೆ ಕೆಟ್ಟಿತು ಎಂದು ಹುಡುಕುವಾಗಲೇ ವೆಬ್ ಎಂದರೇನು ಎಂಬುದು ತಲೆಗೆ ಹೋಗುತ್ತದೆ.

1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರ್‌ನಲ್ಲಿ ಪುಟ ಓದುವುದಷ್ಟೇ ಅಲ್ಲ, ಅದರಲ್ಲೇ ತಿದ್ದಿ ಬರೆಯಲೂ ಆಗುತ್ತಿತ್ತು. ನಂತರದ ಬ್ರೌಸರ್‌ಗಳಲ್ಲಿ ಹೆಚ್ಚಿನವು ಓದುವುದನ್ನು ಮಾತ್ರ ಉಳಿಸಿಕೊಂಡವು. ನಮ್ಮ ಪಠ್ಯಕ್ರಮಗಳು ಅದಕ್ಕಿಂತಲೂ ಒಂದು ಹೆಜ್ಜೆ ಹಿಂದೆ ನಿಂತು ಮಾರ್ಕ್ಯೂ, ಫಾಂಟ್, ಸೆಂಟರ್ ಎಂಬ ಟ್ಯಾಗ್‌ಗಳನ್ನು (ಕೋನ ಚಿಹ್ನೆಗಳ ನಡುವೆ ಬರೆಯುವ ಸೂಚನೆಗಳನ್ನು) ಇನ್ನೂ ಬಾಯಿಪಾಠ ಮಾಡಿಸುತ್ತಿವೆ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5 ಈ ಮೂರನ್ನೂ ಬಳಕೆಯಿಂದ ಕೈಬಿಟ್ಟಿದೆ. ಬ್ರೌಸರ್‌ಗಳು ಹಳೆಯ ಪುಟಗಳ ಮೇಲಿನ ದಾಕ್ಷಿಣ್ಯಕ್ಕೆ ಅವನ್ನು ತೋರಿಸುತ್ತವೆ, ಅಷ್ಟೇ. ಮಾರ್ಕ್ಯೂ ಹಾಕಿ ಅಕ್ಷರ ಎಡಕ್ಕೂ ಬಲಕ್ಕೂ ಓಡಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆ ಖುಷಿಗೆ ಒಂದು ಪೂರ್ತಿ ಪಿರಿಯಡ್ ಕೊಡಬೇಕಾಗಿಲ್ಲ.

ಮೊದಲ ದಿನಕ್ಕೆ ಎರಡು ಗಂಟೆ, ನೋಟ್‌ಪ್ಯಾಡ್, ಒಂದು ಮೊಬೈಲ್ ಹಾಟ್‌ಸ್ಪಾಟ್ ಇದ್ದರೆ ಸಾಕು. ಕನ್ನಡದ ಸಾವಿರ ಅಕ್ಷರಗಳ ಪುಟವೊಂದರ ತೂಕ ಹೆಚ್ಚುಕಡಿಮೆ 3 ಕೆಬಿ. ಇಡೀ ತರಗತಿಯ ಪುಟಗಳು ಸೇರಿದರೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದೆರಡು ಶುಭೋದಯದ ಚಿತ್ರಗಳಷ್ಟೇ. ಹಾಗಾಗಿ ಲ್ಯಾಬ್‌ನ ಇಂಟರ್ನೆಟ್ ನಿಧಾನ ಎಂಬುದು ನೆಪವಾಗಬಾರದು.

ಎಲ್ಲಕ್ಕಿಂತ ಮೊದಲು, ಟೈಪ್ ಮಾಡಲು ಬಿಡುವ ಮುಂಚೆಯೇ, ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡಬೇಕು. ವಿಂಡೋಸ್ ತಾನಾಗಿಯೇ ಅದನ್ನು ಮರೆಮಾಡಿರುತ್ತದೆ. ವಿಂಡೋಸ್ 10ರಲ್ಲಿ ಫೋಲ್ಡರ್ ತೆರೆದು ವ್ಯೂ ಟ್ಯಾಬ್‌ನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬಲ್ಲಿ ಗುರುತು ಹಾಕಬೇಕು. 11ರಲ್ಲಿ ಅದೇ ಆಯ್ಕೆ ವ್ಯೂ ಒಳಗಿನ ಶೋ ಪಟ್ಟಿಯಲ್ಲಿದೆ. ಇದನ್ನು ಮಾಡದಿದ್ದರೆ ವಿದ್ಯಾರ್ಥಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದು ಉಳಿಸಿದ್ದು ಡಿಸ್ಕ್‌ನಲ್ಲಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಟಿಎಕ್ಸ್‌ಟಿ ಆಗಿ ಕೂತಿರಬಹುದು. ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್ ಬದಲು ನೋಟ್‌ಪ್ಯಾಡೇ ತೆರೆದುಕೊಂಡರೆ ರೋಗ ಇದೇ ಎಂದು ತಿಳಿಯಬಹುದು. ಸೇವ್ ಆ್ಯಸ್ ಕಿಟಕಿಯಲ್ಲಿ ಸೇವ್ ಆ್ಯಸ್ ಟೈಪ್ ಎಂಬುದನ್ನು ಆಲ್ ಫೈಲ್ಸ್‌ಗೆ ಬದಲಾಯಿಸಿ ಉಳಿಸಿದರೆ ಈ ತೊಂದರೆ ಬರುವುದಿಲ್ಲ. ಉಬುಂಟು ಇರುವ ಲ್ಯಾಬ್‌ಗಳಲ್ಲಿ ಈ ಕಾಟವೇ ಇಲ್ಲ.

ವರ್ಡ್‌ನಲ್ಲಿ ಪುಟ ಮಾಡಿಸಿ ವೆಬ್ ಪೇಜ್ ಎಂದು ಉಳಿಸುವ ಅಡ್ಡದಾರಿ ಕೆಲವೆಡೆ ಇದೆ. ಬೇಡ. ನಾಲ್ಕು ಸಾಲಿನ ಪುಟಕ್ಕೆ ವರ್ಡ್ ನೂರಾರು ಸಾಲಿನ ಕಸ ತುಂಬುತ್ತದೆ, ಆಮೇಲೆ ಯಾರಿಂದಲೂ ಅದನ್ನು ಕೈಯಲ್ಲಿ ತಿದ್ದಲಾಗುವುದಿಲ್ಲ. ವರ್ಡ್‌ನಲ್ಲಿ ಅಥವಾ ಐಫೋನಿನಲ್ಲಿ ಬೆರಳಚ್ಚಿಸಿದ ಕೋಡ್‌ನಲ್ಲಿ ಇನ್ನೊಂದು ಗುಪ್ತ ಶತ್ರುವಿದೆ. ನೇರವಾಗಿರಬೇಕಾದ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬದಲಾಗಿರುತ್ತವೆ. ಕಣ್ಣಿಗೆ ಎರಡೂ ಒಂದೇ. ಬ್ರೌಸರ್‌ಗೆ ಮಾತ್ರ ಬಾಗಿದ ಚಿಹ್ನೆ ವಿಳಾಸದ ಭಾಗವಾಗಿಬಿಡುತ್ತದೆ, ಲಿಂಕ್ ಒತ್ತಿದರೆ ಇಲ್ಲದ ಊರಿಗೆ ಕರೆದೊಯ್ಯುತ್ತದೆ.

ಮೊದಲ ಪುಟದಲ್ಲಿ ಇರಬೇಕಾದ್ದು ಬಹಳ ಕಡಿಮೆ. ಮೇಲೆ, ಇದು ಎಚ್‌ಟಿಎಂಎಲ್ ಪುಟ ಎಂದು ಬ್ರೌಸರ್‌ಗೆ ತಿಳಿಸುವ ಡಾಕ್‌ಟೈಪ್ ಸಾಲು. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಎಂಬ ಗುಣಕ್ಕೆ ಕೆ, ಎನ್ ಎಂಬ ಎರಡಕ್ಷರ. ದೃಷ್ಟಿದೋಷ ಇರುವವರಿಗೆ ಪುಟ ಓದಿ ಹೇಳುವ ತಂತ್ರಾಂಶ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಇದೇ ಸುಳಿವು. ಹೆಡ್ ಭಾಗದ ಮೊದಲ ಸಾಲಾಗಿ, ಅಕ್ಷರಗಳನ್ನು ಯಾವ ಕ್ರಮದಲ್ಲಿ ಉಳಿಸಿದೆ ಎಂದು ಹೇಳುವ ಮೆಟಾ ಚಾರ್‌ಸೆಟ್ ಯುಟಿಎಫ್-8. ಅದರ ಕೆಳಗೆ ವ್ಯೂಪೋರ್ಟ್ ಸಾಲು. ಇದಿಲ್ಲದಿದ್ದರೆ ಮೊಬೈಲ್ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಇಡಿಯಾಗಿ ಕುಗ್ಗಿಸಿ ತೋರಿಸುತ್ತದೆ, ಅಕ್ಷರಗಳು ಸಾಸಿವೆಯಷ್ಟಾಗುತ್ತವೆ. ನಂತರ ಟೈಟಲ್. ಬಾಡಿಯಲ್ಲಿ ಒಂದು ಎಚ್1 (ದೊಡ್ಡ ಶೀರ್ಷಿಕೆ), ಎರಡು ಪ್ಯಾರಾ. ಸಾಕು. ಪುಟದ ವಿಷಯ ವಿದ್ಯಾರ್ಥಿಯ ಊರಿನದೇ ಇರಲಿ: ಊರಿಗೆ ಬರುವ ಬಸ್ಸುಗಳ ವೇಳೆ, ಸಂತೆಯ ದಿನ, ಸ್ತ್ರೀಶಕ್ತಿ ಸಂಘದವರು ಮಾಡುವ ಹಪ್ಪಳ ಉಪ್ಪಿನಕಾಯಿಯ ಪಟ್ಟಿ. "ಹಲೋ ವರ್ಲ್ಡ್" ಎಂದು ಬರೆದ ಪುಟವನ್ನು ತಿದ್ದುವ ಅಗತ್ಯ ಯಾರಿಗೂ ಬರುವುದಿಲ್ಲ. ಬಸ್ ವೇಳೆ ಮಾತ್ರ ಬದಲಾಗುತ್ತಲೇ ಇರುತ್ತದೆ.

ಇನ್ನು ಕನ್ನಡದ ವಿಷಯ. ಬೇರೆ ಭಾಷೆಗಳಿಂದ ಹೆಕ್ಕಿದ ಪಾಠಗಳಲ್ಲಿ ಇದು ಇರುವುದೇ ಇಲ್ಲ, ನಮ್ಮ ಮಕ್ಕಳು ಹೆಚ್ಚು ಎಡವುವುದೂ ಇಲ್ಲೇ. ಕನ್ನಡ ಪುಟ ಕೆಟ್ಟು ಕಾಣುವುದಕ್ಕೆ ನಾಲ್ಕು ಬಗೆಗಳಿವೆ. ನಾಲ್ಕಕ್ಕೂ ಕಾರಣ ಬೇರೆ, ಔಷಧ ಬೇರೆ. ಬೋಧಕರು ತೆರೆಯನ್ನು ನೋಡಿದ ಕೂಡಲೇ ಗುರುತಿಸುವಂತಿರಬೇಕು.

ತೆರೆಯ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಫೈಲ್ ಉಳಿಸುವಾಗಲೇ ಕನ್ನಡ ಸತ್ತುಹೋಗಿದೆ ಎಂದರ್ಥ. 2019ರ ಮೇ ಅಪ್‌ಡೇಟ್‌ಗಿಂತ ಹಿಂದಿನ ವಿಂಡೋಸ್‌ಗಳಲ್ಲಿ ನೋಟ್‌ಪ್ಯಾಡ್ ಹೊಸ ಫೈಲನ್ನು ಆನ್ಸಿ ಎಂಬ ಹಳೆಯ ಕ್ರಮದಲ್ಲಿ ಉಳಿಸಲು ಹೊರಡುತ್ತದೆ. ಅದರಲ್ಲಿ ಕನ್ನಡ ಅಕ್ಷರಕ್ಕೆ ಜಾಗವಿಲ್ಲ. ಎಚ್ಚರಿಕೆಯ ಸಂದೇಶವೊಂದು ಬರುತ್ತದೆ, ಎಲ್ಲರೂ ಅದನ್ನು ಓದದೆ ಓಕೆ ಒತ್ತುತ್ತಾರೆ. ಒಮ್ಮೆ ಹಾಗೆ ಉಳಿಸಿ ಮುಚ್ಚಿದ ಮೇಲೆ ಮರಳಿ ಪಡೆಯುವ ದಾರಿಯಿಲ್ಲ, ಹೊಸದಾಗಿ ಟೈಪ್ ಮಾಡಬೇಕು. ಸೇವ್ ಆ್ಯಸ್ ಕಿಟಕಿಯ ಕೆಳಭಾಗದಲ್ಲಿ ಎನ್‌ಕೋಡಿಂಗ್ ಎಂಬ ಪಟ್ಟಿಯಿದೆ, ಅಲ್ಲಿ ಯುಟಿಎಫ್-8 ಆರಿಸಬೇಕು. ಹಳೆಯ ವಿಂಡೋಸ್ 7 ಇರುವ ಲ್ಯಾಬ್‌ಗಳಲ್ಲಿ ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ.

ಎರಡನೆಯದು ನೋಡಲು ಭಯ ಹುಟ್ಟಿಸುತ್ತದೆ, ಆದರೆ ಸಾಧು ರೋಗ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಅದರ ಬೆನ್ನಿಗೆ ಮೇಲಕ್ಕೇರಿ ಕೂತ ಚಿಕ್ಕ 2 ಅಥವಾ 3, ಆಮೇಲೆ ಇನ್ನೊಂದು ವಿಚಿತ್ರ ಚಿಹ್ನೆ, ಮತ್ತೆ ಗೀಟಿರುವ ಎ; ಹೀಗೆ ಪುಟವಿಡೀ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಭಾಗವೂ ಮೂರು ಬೈಟ್‌ಗಳಲ್ಲಿ ಕೂರುತ್ತದೆ. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲೊಂದು, ಮೂರನೆಯದು ಮಾತ್ರ ಬೇರೆಬೇರೆ. ಬ್ರೌಸರ್ ಆ ಮೂರನ್ನೂ ಮೂರು ಪ್ರತ್ಯೇಕ ಯುರೋಪಿಯನ್ ಅಕ್ಷರಗಳೆಂದು ಓದಿದಾಗ ಈ ವೇಷ. ಫೈಲಿಗೆ ಏನೂ ಆಗಿಲ್ಲ. ಚಾರ್‌ಸೆಟ್ ಸಾಲು ಬಿಟ್ಟುಹೋಗಿದೆ, ಇಲ್ಲವೇ ತುಂಬ ಕೆಳಗೆ ಇದೆ. ಅದು ಫೈಲಿನ ಮೊದಲ 1024 ಬೈಟ್‌ಗಳೊಳಗೆ ಇರಬೇಕೆಂಬ ನಿಯಮವಿದೆ. ಮೇಲೆ ಉದ್ದದ ಕನ್ನಡ ಟೈಟಲ್, ವಿವರಣೆಗಳನ್ನೆಲ್ಲ ತುಂಬಿ ಆಮೇಲೆ ಚಾರ್‌ಸೆಟ್ ಬರೆದರೆ ಆ ಮಿತಿ ದಾಟಿಬಿಡಬಹುದು. ಇದರಲ್ಲೊಂದು ಮೋಸವೂ ಇದೆ. ಕಂಪ್ಯೂಟರ್‌ನಲ್ಲೇ ಇರುವ ಫೈಲನ್ನು ತೆರೆದಾಗ ಕ್ರೋಮ್‌ನಂಥ ಬ್ರೌಸರ್‌ಗಳು ಊಹೆ ಮಾಡಿ ಕನ್ನಡವನ್ನು ಸರಿಯಾಗಿಯೇ ತೋರಿಸಿಬಿಡುತ್ತವೆ. ಅದೇ ಪುಟ ಸರ್ವರ್‌ನಿಂದ ಬಂದಾಗ ಆ ಊಹೆ ಮಾಡುವುದಿಲ್ಲ. ಸರ್ವರ್ ತಾನೇ ಯುಟಿಎಫ್-8 ಎಂದು ಹೇಳಿ ಕಳಿಸದಿದ್ದರೆ ಎಲ್ಲ ಕಲಸಿಹೋಗುತ್ತದೆ. ಅಪ್‌ಲೋಡ್ ಮಾಡದೆ ಪಾಠ ಮುಗಿಸಿದ ತರಗತಿಗೆ ಈ ತಪ್ಪು ಇತ್ತೆಂದೇ ಗೊತ್ತಾಗುವುದಿಲ್ಲ.

ಮೂರನೆಯದು ನಮ್ಮ ಕಚೇರಿಗಳ ಕೊಡುಗೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ವರ್ಡ್‌ನಿಂದ ಎತ್ತಿ ನೋಟ್‌ಪ್ಯಾಡಿಗೆ ಹಾಕಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಗೊಜ್ಜಾಗುತ್ತದೆ. ನುಡಿಯಲ್ಲಿ "ಕನ್ನಡ" ಎಂದು ಬರೆದದ್ದು ದೊಡ್ಡ ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ ಎಂದು ಶುರುವಾಗುತ್ತದೆ. ಆ ಫೈಲಿನಲ್ಲಿ ಕನ್ನಡ ಎಂಬುದೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸಿದ್ದು ಆ ಫಾಂಟ್ ಮಾತ್ರ. ಚಾರ್‌ಸೆಟ್ ಸಾಲು ಇದಕ್ಕೆ ಮದ್ದಲ್ಲ. ಆಸ್ಕಿಯಿಂದ, ಕನ್ನಡಕ್ಕೆ ತನ್ನದೇ ಜಾಗವಿರುವ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಅವುಗಳ ಮೂಲಕ ಹಾಯಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಲ್ಲಿ ಓದಿ ತಿದ್ದಬೇಕು. ಶಾಲೆಯ ಸುತ್ತೋಲೆ, ಸಂಘದ ವಾರ್ಷಿಕ ವರದಿ ಮುಂತಾದವನ್ನು ವೆಬ್‌ಗೆ ಏರಿಸುವ ಕೆಲಸ ಕೈಗೆತ್ತಿಕೊಂಡರೆ ಮೊದಲು ಎದುರಾಗುವುದು ಇದೇ. 1996ರಲ್ಲಿ ಯು.ಬಿ. ಪವನಜ ಅವರು ವಿಶ್ವಕನ್ನಡ ಜಾಲತಾಣ ಆರಂಭಿಸಿದ ಕಾಲಕ್ಕೆ ಯುನಿಕೋಡ್ ಕನ್ನಡ ಮನೆಮನೆಯ ಕಂಪ್ಯೂಟರಿಗೆ ಬಂದಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಈಗ ಹಾಗಿಲ್ಲ.

ನಾಲ್ಕನೆಯದು ಖಾಲಿ ಚೌಕಗಳು, ಅಂದರೆ ಆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ತುಂಗಾ ಫಾಂಟ್ ಬಂತು, ಈಗಿನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದೆ, ಆಂಡ್ರಾಯ್ಡ್‌ನಲ್ಲಿ ನೋಟೊ ಇದೆ. ಹಾಗಾಗಿ ಇದು ಈಗ ಅಪರೂಪ.

ಟೈಪ್ ಮಾಡುವ ಕ್ರಮವನ್ನೂ ಹೇಳಬೇಕು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಒತ್ತಿ ಅಲ್ಪವಿರಾಮದ ಕೀ ಒತ್ತಿದರೆ ಟ್ಯಾಗ್‌ನ ಕೋನ ಚಿಹ್ನೆ ಬಾರದೆ "ಷ" ಬರುತ್ತದೆ. ಒಂದು ಟ್ಯಾಗ್, ಒಂದು ಕನ್ನಡ ಪದ, ಮತ್ತೊಂದು ಟ್ಯಾಗ್ ಎಂದು ಹೋದರೆ ಹೆಜ್ಜೆಹೆಜ್ಜೆಗೂ ಭಾಷೆ ಬದಲಿಸುತ್ತ ಮಗುವಿಗೆ ಸಾಕುಸಾಕಾಗುತ್ತದೆ. ಮೊದಲು ಎಲ್ಲ ಟ್ಯಾಗ್‌ಗಳನ್ನೂ ಇಂಗ್ಲಿಷ್‌ನಲ್ಲಿ ತೆರೆದು ಮುಚ್ಚಿ ಬರೆದುಕೊಂಡು, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಕನ್ನಡಕ್ಕೆ ಬಂದು, ನಡುವಿನ ಜಾಗ ತುಂಬಿಸಲಿ. ತೆರೆದ ಟ್ಯಾಗನ್ನು ಮುಚ್ಚುವ ಅಭ್ಯಾಸವೂ ಇದರಿಂದಲೇ ಬರುತ್ತದೆ.

ಮುಚ್ಚದಿದ್ದರೆ ಏನಾಗುತ್ತದೆ ಎಂಬುದನ್ನು ಬೋಧಕರು ಬೇಕೆಂದೇ ಕೆಡಿಸಿದ ಪುಟಗಳಿಂದ ತೋರಿಸಬೇಕು. ಟೈಟಲ್ ಮುಚ್ಚದ ಪುಟ ಪೂರ್ತಿ ಬಿಳಿ: ಕೆಳಗಿರುವುದೆಲ್ಲ ಟೈಟಲ್‌ನ ಹೊಟ್ಟೆಗೇ ಹೋಗಿರುತ್ತದೆ. ಎಷ್ಟೋ ಕಲಿಕೆಗಾರರು ಫೈಲೇ ಹಾಳಾಯಿತೆಂದು ಅಳಿಸಿ ಮತ್ತೆ ಶುರುಮಾಡುವುದು ಇದೊಂದೇ ತಪ್ಪಿಗೆ. ಎಚ್1 ಮುಚ್ಚದಿದ್ದರೆ ಪುಟವೆಲ್ಲ ದಪ್ಪಕ್ಷರ. ಲಿಂಕ್ ಮುಚ್ಚದಿದ್ದರೆ ಕೆಳಗಿನದೆಲ್ಲ ನೀಲಿ. ಲಿಂಕ್‌ನ ವಿಳಾಸ ಬರೆಯುವ ಎಚ್‌ರೆಫ್‌ನ ಕೊನೆಯ ಉದ್ಧರಣ ಚಿಹ್ನೆ ಬಿಟ್ಟರೆ ಮುಂದಿನ ಉದ್ಧರಣ ಚಿಹ್ನೆ ಸಿಗುವ ತನಕದ ಪಠ್ಯ ಮಾಯ. ಲಕ್ಷಣ ನೋಡಿ ಕಾರಣ ಹೇಳುವ ಆಟವನ್ನು ಅರ್ಧ ಗಂಟೆ ಆಡಿಸಿದರೆ ಟ್ಯಾಗ್‌ಗಳ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚು ಉಳಿಯುತ್ತದೆ. ಕಣ್ಣಿಗೆ ಸಿಗದ ತಪ್ಪಿಗೆ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಉಚಿತ ವ್ಯಾಲಿಡೇಟರ್ (ಕೋಡ್ ಪರೀಕ್ಷಕ) ಇದೆ. ಅದು ಹತ್ತು ದೋಷ ತೋರಿಸಿದರೆ ಗಾಬರಿಯಾಗದೆ ಮೊದಲನೆಯದನ್ನು ಸರಿಪಡಿಸಿ ಮತ್ತೆ ಪರೀಕ್ಷಿಸಲಿ, ಉಳಿದವುಗಳಲ್ಲಿ ಅರ್ಧ ತಾವಾಗಿಯೇ ಹೋಗುವುದುಂಟು.

ಅಪ್‌ಲೋಡ್‌ಗೆ ಮೂರು ದಾರಿಗಳಿವೆ. ಏನೂ ಗೊತ್ತಿಲ್ಲದವರಿಗೆ ಸುಲಭ, ಪುಟಗಳನ್ನು ಇಡಲು ಜಾಗ ಕೊಡುವ ನಿಯೋಸಿಟೀಸ್. 2009ರಲ್ಲಿ ಮುಚ್ಚಿದ ಜಿಯೋಸಿಟೀಸ್‌ನ ನೆನಪಿನಲ್ಲಿ 2013ರಲ್ಲಿ ಶುರುವಾದ ಈ ತಾಣ 1 ಜಿಬಿ ಜಾಗವನ್ನು ಉಚಿತವಾಗಿ ಕೊಡುತ್ತದೆ. ಖಾತೆ ತೆರೆದೊಡನೆ ಅಲ್ಲಿ ಅವರದೇ ಒಂದು ಇಂಡೆಕ್ಸ್ ಪುಟ ಕೂತಿರುತ್ತದೆ, ಅದೇ ಹೆಸರಿನ ನಮ್ಮ ಫೈಲನ್ನು ಎಳೆದು ಹಾಕಿದರೆ ಮೊದಲಿನದು ಹೋಗಿ ನಮ್ಮದು ಬರುತ್ತದೆ. ಬ್ರೌಸರ್‌ನಲ್ಲೇ ತಿದ್ದಲೂ ಬರುತ್ತದೆ. ಕಂಪ್ಯೂಟರ್ ಇಲ್ಲದೆ ಮೊಬೈಲ್ ಒಂದೇ ಇರುವ ವಿದ್ಯಾರ್ಥಿಗೆ ಇದೇ ಸರಿ.

ಎರಡನೆಯದು ಗಿಟ್‌ಹಬ್ ಪೇಜಸ್, ಅಂದರೆ ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣದ ಪುಟ ಪ್ರಕಟಿಸುವ ಸೇವೆ. ಬಳಕೆದಾರ ಹೆಸರಿನ ಕೊನೆಗೆ ಡಾಟ್ ಗಿಟ್‌ಹಬ್ ಡಾಟ್ ಐಒ ಸೇರಿಸಿ ಅದೇ ಹೆಸರಿನ ರೆಪಾಸಿಟರಿ (ಫೈಲ್‌ಗಳ ಸಂಗ್ರಹ) ತೆರೆಯಬೇಕು. ಉಚಿತ ಖಾತೆಯಲ್ಲಿ ಅದು ಪಬ್ಲಿಕ್ ಆಗಿರಲೇಬೇಕು. ಆ್ಯಡ್ ಫೈಲ್, ಅಪ್‌ಲೋಡ್ ಫೈಲ್ಸ್ ಎಂದು ಹೋಗಿ ಫೈಲ್‌ಗಳನ್ನು ಎಳೆದು ಹಾಕಿದ ಮೇಲೆ ಕೆಳಗಿರುವ ಹಸಿರು ಬಣ್ಣದ ಕಮಿಟ್ (ಉಳಿಸುವ) ಗುಂಡಿಯನ್ನು ಒತ್ತಬೇಕು. ಫೈಲ್‌ಗಳ ಹೆಸರು ತೆರೆಯ ಮೇಲೆ ಕಂಡದ್ದೇ ಕೆಲಸ ಆಯಿತೆಂದು ಕಿಟಕಿ ಮುಚ್ಚುವವರು ಬಹಳ. ಕಮಿಟ್ ಆಗದೆ ಏನೂ ಉಳಿಯುವುದಿಲ್ಲ. ಸೆಟ್ಟಿಂಗ್ಸ್‌ನ ಪೇಜಸ್ ವಿಭಾಗದಲ್ಲಿ ಮೇನ್ ಶಾಖೆ ಆಯ್ಕೆಯಾಗಿದೆಯೇ ಎಂದು ನೋಡಿ, ಕೆಲವು ನಿಮಿಷ ಕಾಯಬೇಕು. ತಿದ್ದಿದ ಪುಟ ಹತ್ತು ನಿಮಿಷದವರೆಗೆ ಹಳೆಯದಾಗಿಯೇ ಕಾಣಬಹುದು, ಬ್ರೌಸರ್ ತನ್ನಲ್ಲಿ ಇಟ್ಟುಕೊಂಡ ಪ್ರತಿಯನ್ನೇ ತೋರಿಸುತ್ತಿರುತ್ತದೆ. ಕಂಟ್ರೋಲ್ ಜೊತೆ ಎಫ್5 ಒತ್ತುವುದನ್ನು ಇಲ್ಲೇ ಹೇಳಿಕೊಡಬೇಕು, ಇಲ್ಲದಿದ್ದರೆ ಒಂದೇ ಫೈಲನ್ನು ಐದಾರು ಸಲ ಏರಿಸುತ್ತ ಕೂರುತ್ತಾರೆ. ಈ ದಾರಿಯ ದೊಡ್ಡ ಅನುಕೂಲ ಹಳೆಯ ಪ್ರತಿಗಳ ಚರಿತ್ರೆ. ಯಾರಾದರೂ ಪುಟ ಕೆಡಿಸಿದರೆ ಹಿಸ್ಟರಿಗೆ ಹೋಗಿ ನಿನ್ನೆಯ ಪ್ರತಿಯನ್ನು ತೆಗೆದುಕೊಳ್ಳಬಹುದು. ಗಿಟ್‌ಹಬ್ ಖಾತೆಗೆ ಕನಿಷ್ಠ 13 ವರ್ಷವಾಗಿರಬೇಕು. ಚಿಕ್ಕ ಮಕ್ಕಳ ಶಿಬಿರದಲ್ಲಿ ಬೋಧಕರದೇ ಒಂದು ಖಾತೆ ತೆರೆದು, ಪ್ರತಿ ಮಗುವಿಗೆ ಒಂದು ಫೋಲ್ಡರ್ ಕೊಡುವುದೇ ವಾಸಿ.

ಮೂರನೆಯದು ಸರ್ವರ್‌ಗೆ ಫೈಲ್ ಕಳಿಸುವ ಹಳೆಯ ವಿಧಾನವಾದ ಎಫ್‌ಟಿಪಿ. ಶಾಲೆಗೋ ಸಂಘಕ್ಕೋ ಈಗಾಗಲೇ ಹೋಸ್ಟಿಂಗ್ (ಬಾಡಿಗೆಗೆ ಪಡೆದ ಸರ್ವರ್ ಜಾಗ) ಇದ್ದರೆ ಇದು ಬೇಕಾಗುತ್ತದೆ. ಹಳೆಯ ಟಿಪ್ಪಣಿಗಳಲ್ಲಿ ಬ್ರೌಸರ್‌ನಲ್ಲೇ ಎಫ್‌ಟಿಪಿ ವಿಳಾಸ ಹೊಡೆಯಿರಿ ಎಂದಿರುತ್ತದೆ; ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದನ್ನು ತೆಗೆದುಹಾಕಿವೆ. ಫೈಲ್‌ಜಿಲ್ಲಾ ಎಂಬ ತಂತ್ರಾಂಶ ಹಾಕಿಕೊಳ್ಳಬೇಕು. ಎಡಗಡೆ ನಮ್ಮ ಕಂಪ್ಯೂಟರ್, ಬಲಗಡೆ ಸರ್ವರ್. ಸಾಮಾನ್ಯ ಎಫ್‌ಟಿಪಿ 21ನೇ ಪೋರ್ಟ್‌ನಲ್ಲಿ ಪಾಸ್‌ವರ್ಡನ್ನು ಬಯಲಲ್ಲೇ ಕಳಿಸುತ್ತದೆ. ಹೋಸ್ಟ್‌ನವರು ಅದನ್ನು ಗುಪ್ತವಾಗಿ ಕಳಿಸುವ ಎಸ್‌ಎಫ್‌ಟಿಪಿ ಕೊಟ್ಟಿದ್ದರೆ 22ನೇ ಪೋರ್ಟ್ ಬಳಸಬೇಕು. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್ ತಂತ್ರಾಂಶ ಇರುವ ಕಡೆ ಫೈಲ್‌ಗಳು ಪಬ್ಲಿಕ್ ಎಚ್‌ಟಿಎಂಎಲ್ ಎಂಬ ಫೋಲ್ಡರ್‌ನ ಒಳಗೇ ಬೀಳಬೇಕು. ಅದರ ಹೊರಗೆ ಹಾಕಿದರೆ ಫೈಲ್ ಸರ್ವರ್‌ನಲ್ಲಿದ್ದರೂ ಜಗತ್ತಿಗೆ ಕಾಣದು, ಪುಟ ಸಿಗಲಿಲ್ಲ ಎನ್ನುವ 404 ಸಂದೇಶ ಬರುತ್ತದೆ. 403 ಬಂದರೆ ಹೆಚ್ಚಾಗಿ ಅನುಮತಿಯ ತೊಂದರೆ: ಅನುಮತಿಯ ಸಂಖ್ಯೆ ಫೈಲಿಗೆ 644, ಫೋಲ್ಡರ್‌ಗೆ 755 ಇರಬೇಕು.

ಮೂರೂ ದಾರಿಗಳಲ್ಲಿ ಆಗುವ ತಪ್ಪೊಂದಿದೆ. ಫೋಲ್ಡರ್ ಒಳಗಿನ ಫೈಲ್‌ಗಳನ್ನು ಏರಿಸುವ ಬದಲು ಫೋಲ್ಡರನ್ನೇ ಏರಿಸುವುದು. ಆಗ ಪುಟ ಮುಖ್ಯ ವಿಳಾಸದಲ್ಲಿ ಸಿಗದೆ, ವಿಳಾಸದ ಕೊನೆಗೆ ಫೋಲ್ಡರ್ ಹೆಸರು ಹಾಕಿದರೆ ಮಾತ್ರ ಸಿಗುತ್ತದೆ. ಮುಖಪುಟದ ಫೈಲಿನ ಹೆಸರು ಇಂಡೆಕ್ಸ್ ಎಂದೇ, ಎಲ್ಲವೂ ಸಣ್ಣಕ್ಷರದಲ್ಲೇ ಇರಬೇಕು.

ಸಣ್ಣಕ್ಷರದ ಮಾತು ಬಂದದ್ದಕ್ಕೆ ಚಿತ್ರಗಳ ಬಗ್ಗೆ. ಕ್ಯಾಮೆರಾದಿಂದ ಬಂದ ಚಿತ್ರದ ಬಾಲ ದೊಡ್ಡಕ್ಷರದ ಜೆಪಿಜಿ, ಕೋಡ್‌ನಲ್ಲಿ ಬರೆದದ್ದು ಸಣ್ಣಕ್ಷರದ ಜೆಪಿಜಿ. ವಿಂಡೋಸ್‌ಗೆ ಎರಡೂ ಒಂದೇ, ಚಿತ್ರ ಕಾಣುತ್ತದೆ. ಸರ್ವರ್‌ಗಳಲ್ಲಿ ಹೆಚ್ಚಿನವು ಲಿನಕ್ಸ್, ಅದಕ್ಕೆ ಎರಡೂ ಬೇರೆ ಫೈಲ್‌ಗಳು, ಚಿತ್ರ ಕಾಣುವುದಿಲ್ಲ. ಚಿತ್ರದ ದಾರಿಯನ್ನು ಸಿ ಡ್ರೈವ್‌ನಿಂದ ಶುರುಮಾಡಿ ಬರೆದಿದ್ದರೂ ಇದೇ ಕಥೆ; ಆ ಸಿ ಡ್ರೈವ್ ಇರುವುದು ಬರೆದವನ ಕಂಪ್ಯೂಟರ್‌ನಲ್ಲಿ ಮಾತ್ರ. ಚಿತ್ರವನ್ನು ಪುಟದ ಪಕ್ಕದಲ್ಲೇ ಇಟ್ಟು ಬರೀ ಹೆಸರು ಬರೆದರೆ ಸಾಕು. ಹೆಸರಿನಲ್ಲಿ ಖಾಲಿ ಜಾಗ ಬೇಡ. ಫೈಲಿಗೆ ಕನ್ನಡದ ಹೆಸರಿಡಬಹುದು, ಕೆಲಸವೂ ಮಾಡುತ್ತದೆ. ಆದರೆ ಲಿಂಕನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ "ಶಾಲೆ" ಎಂಬ ಪುಟ್ಟ ಪದ ಶೇಕಡಾ ಚಿಹ್ನೆಗಳಿಂದ ತುಂಬಿದ 36 ಅಕ್ಷರಗಳ ಸರಪಳಿಯಾಗುವುದುಂಟು. ಫೈಲಿನ ಹೆಸರು ಇಂಗ್ಲಿಷ್‌ನಲ್ಲಿರಲಿ, ಕನ್ನಡ ಪುಟದೊಳಗಿರಲಿ.

ಮೊಬೈಲ್‌ನಲ್ಲಿ ತೆಗೆದ ಫೋಟೊ 4000 ಪಿಕ್ಸೆಲ್ ಅಗಲ, 3ರಿಂದ 5 ಎಂಬಿ ತೂಕ ಇರುವುದು ಸಾಮಾನ್ಯ. 1000 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 200 ಕೆಬಿಯ ಆಸುಪಾಸಿಗೆ ಬರುತ್ತದೆ, ನೋಡಲು ವ್ಯತ್ಯಾಸ ಗೊತ್ತಾಗುವುದಿಲ್ಲ. ಪೇಂಟ್‌ನಲ್ಲೇ ಇದನ್ನು ಮಾಡಬಹುದು. ಕೋಡ್‌ನಲ್ಲಿ ವಿಡ್ತ್ ಕಡಿಮೆ ಬರೆದರೆ ಚಿತ್ರ ಚಿಕ್ಕದಾಗಿ ಕಾಣುತ್ತದೆಯೇ ಹೊರತು ಡೇಟಾ ಅಷ್ಟೂ ಖರ್ಚಾಗುತ್ತದೆ. ಲೊಕೇಶನ್ ಆನ್ ಇಟ್ಟು ತೆಗೆದ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಅಡಗಿರುತ್ತದೆ. ಮಕ್ಕಳ ಮನೆಯ ಫೋಟೊ ಏರಿಸುವ ಮೊದಲು ಪ್ರಾಪರ್ಟೀಸ್‌ನ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ ಆ ಮಾಹಿತಿಯನ್ನು ತೆಗೆಯಿಸಬೇಕು. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಎತ್ತಿಕೊಳ್ಳುವುದಂತೂ ಬೇಡವೇ ಬೇಡ. ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯಾ ಕಾಮನ್ಸ್ ಇದೆ, ತೆಗೆದವರ ಹೆಸರು ಹಾಕಿ ಬಳಸಲಿ.

ಅಂದಚಂದಕ್ಕೆ ಒಂದು ಸಿಎಸ್‌ಎಸ್ (ಪುಟದ ರೂಪ ಹೇಳುವ) ಫೈಲ್, ಅದರಲ್ಲಿ ನಾಲ್ಕು ನಿಯಮ. ಪಠ್ಯದ ಅಗಲಕ್ಕೊಂದು ಮಿತಿ, ಚಿತ್ರಕ್ಕೆ ನೂರು ಶೇಕಡಾ ಗರಿಷ್ಠ ಅಗಲ, ಫಾಂಟ್ ಹೆಸರು, ಸಾಲಿನ ಎತ್ತರ. ಕೊನೆಯದು ಕನ್ನಡಕ್ಕೆ ಮುಖ್ಯ. ಇಂಗ್ಲಿಷ್ ಪುಟಗಳ 1.2, 1.3ರ ಎತ್ತರವನ್ನು ಹಾಗೆಯೇ ತಂದರೆ ಮೇಲಿನ ಸಾಲಿನ ಒತ್ತಕ್ಷರಕ್ಕೆ ಕೆಳಗಿನ ಸಾಲಿನ ಗುಣಿತ ತಾಗುತ್ತದೆ. 1.6ರಿಂದ 1.8 ಇದ್ದರೆ ಓದಲು ಹಿತ.

ಅರ್ಜಿ ನಮೂನೆ ಮಾಡಿಸುವ ಪಾಠವನ್ನು ಆರಂಭದ ತರಗತಿಯಿಂದ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಬ್‌ಮಿಟ್ ಗುಂಡಿ ಬರುತ್ತದೆ, ಒತ್ತಿದ ಮಾಹಿತಿ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹಿಡಿದಿಡಲು ಸರ್ವರ್‌ನಲ್ಲಿ ಬೇರೆ ಪ್ರೋಗ್ರಾಂ ಬೇಕು, ಮೇಲೆ ಹೇಳಿದ ಉಚಿತ ತಾಣಗಳಲ್ಲಿ ಅದು ಇಲ್ಲ. ಹಪ್ಪಳದ ಆರ್ಡರ್ ಬರಬೇಕಾದರೆ ಸಂಘದ ವಾಟ್ಸ್‌ಆ್ಯಪ್ ಸಂಖ್ಯೆಗೆ ಲಿಂಕ್ ಕೊಡುವುದು ಸುಲಭ: ವಾ ಡಾಟ್ ಮಿ (wa.me) ಎಂಬ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ 91, ಅದರ ಬೆನ್ನಿಗೆ ಹತ್ತಂಕಿ, ನಡುವೆ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಇಲ್ಲ. ಒಬ್ಬರ ಸ್ವಂತ ನಂಬರ್ ಹಾಕುವುದಿದ್ದರೆ ಅವರನ್ನು ಕೇಳಿ ಹಾಕಬೇಕು. ಮಕ್ಕಳ ನಂಬರ್, ವಿಳಾಸ, ಹುಟ್ಟಿದ ದಿನಾಂಕ ಪುಟದಲ್ಲೂ ಬೇಡ, ಬಳಕೆದಾರ ಹೆಸರಿನಲ್ಲೂ ಬೇಡ.

ತಿದ್ದುವ ಪಾಠಕ್ಕೆ ಒಂದು ಪೂರ್ತಿ ದಿನ ಕೊಡಬೇಕು. ಬಸ್ ವೇಳೆ ಬದಲಾಯಿತು ಎಂದುಕೊಳ್ಳೋಣ. ಮನೆಯ ಪ್ರತಿಯಲ್ಲಿ ತಿದ್ದಿ ಏರಿಸಬೇಕೋ, ಸರ್ವರ್‌ನಲ್ಲೇ ತಿದ್ದಬೇಕೋ? ಯಾವುದಾದರೂ ಒಂದು ಎಂದು ತೀರ್ಮಾನಿಸಿ ಅದಕ್ಕೇ ಅಂಟಿಕೊಳ್ಳಬೇಕು. ಇವತ್ತು ಅಲ್ಲಿ, ನಾಳೆ ಇಲ್ಲಿ ತಿದ್ದಿದರೆ, ನಾಳೆ ಏರಿಸಿದ್ದು ಇವತ್ತಿನ ತಿದ್ದುಪಡಿಯನ್ನು ನುಂಗುತ್ತದೆ. ಲ್ಯಾಬ್‌ನ ಕೆಲವು ಯಂತ್ರಗಳಲ್ಲಿ ರೀಸ್ಟಾರ್ಟ್ ಆದೊಡನೆ ಎಲ್ಲ ಅಳಿಸುವ ವ್ಯವಸ್ಥೆ ಇರುತ್ತದೆ. ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಇಟ್ಟುಕೊಳ್ಳದವರು ಸರ್ವರ್‌ನಿಂದಲೇ ಫೈಲ್ ಇಳಿಸಿಕೊಂಡು ತಿದ್ದಲಿ. ಪುಟದ ಕೊನೆಗೆ ತಿದ್ದಿದ ದಿನಾಂಕ ಬರೆಯುವುದು ಕಡ್ಡಾಯವಾಗಲಿ; ಹೋದ ವರ್ಷದ ಬಸ್ ವೇಳೆಯನ್ನು ನಂಬಿ ಯಾರೂ ಸ್ಟಾಪ್‌ನಲ್ಲಿ ಕಾಯುವಂತಾಗಬಾರದು.

ಎಐಗೆ ಹೇಳಿದರೆ ಪುಟ ಬರೆದುಕೊಡುತ್ತದಲ್ಲ, ಇದೆಲ್ಲ ಈಗೇಕೆ ಎನ್ನುವವರಿದ್ದಾರೆ. ಕೋಡ್ ಬರೆದುಕೊಡುತ್ತದೆ, ಒಪ್ಪೋಣ. ಅದನ್ನು ಯಾವ ಹೆಸರಿನಲ್ಲಿ ಉಳಿಸಿ ಎಲ್ಲಿ ಇಡಬೇಕು, ಪ್ರಶ್ನಾರ್ಥಕ ಚಿಹ್ನೆ ಕಂಡರೆ ಏನು ಮಾಡಬೇಕು, ಒಂದೇ ಒಂದು ಫೋನ್ ನಂಬರ್ ಬದಲಿಸಲು ಯಾವ ಸಾಲು ಮುಟ್ಟಬೇಕು ಎಂಬುದನ್ನು ತಿಳಿದವರಿಗಷ್ಟೇ ಅದು ಉಪಯೋಗಕ್ಕೆ ಬರುತ್ತದೆ.

ಬೇಸಿಗೆ ರಜೆಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಕಂಪ್ಯೂಟರ್ ಇರುವ ಕಡೆ ಐದು ದಿನ, ದಿನಕ್ಕೆ ಎರಡು ಗಂಟೆ ಕೊಟ್ಟರೆ ಇಷ್ಟೂ ಆಗುತ್ತದೆ. ಶಿಬಿರ ನಡೆಸುವವರು ಒಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು. ಸಂಘಕ್ಕೆ, ಶಾಲೆಗೆ, ದೇವಸ್ಥಾನ ಸಮಿತಿಗೆ ಯಾರೋ ಒಬ್ಬ ಹುಡುಗ ಉತ್ಸಾಹದಿಂದ ವೆಬ್‌ಸೈಟ್ ಮಾಡಿಕೊಟ್ಟು, ಆಮೇಲೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿ, ಪಾಸ್‌ವರ್ಡ್ ಯಾರ ಬಳಿಯೂ ಇಲ್ಲದೆ, ಹಳೆಯ ಪದಾಧಿಕಾರಿಗಳ ಹೆಸರನ್ನೇ ತೋರಿಸುತ್ತ ನಿಂತ ತಾಣಗಳು ಬೇಕಾದಷ್ಟಿವೆ. ಖಾತೆಯನ್ನು ಸಂಸ್ಥೆಯ ಇಮೇಲ್‌ನಿಂದಲೇ ತೆರೆಯಬೇಕು. ಕೊನೆಯ ದಿನ ಒಂದು ಹಾಳೆಯಲ್ಲಿ ತಾಣದ ವಿಳಾಸ, ಬಳಕೆದಾರ ಹೆಸರು, ಮರುಪಡೆಯುವ ಇಮೇಲ್ ಮತ್ತು ಮೊಬೈಲ್ ಯಾರ ಹೆಸರಿನಲ್ಲಿದೆ ಎಂಬುದು, ಹಣ ಕೊಟ್ಟು ಡೊಮೈನ್ (ಸ್ವಂತ ವೆಬ್ ವಿಳಾಸ) ತೆಗೆದುಕೊಂಡಿದ್ದರೆ ಅದರ ನವೀಕರಣದ ದಿನಾಂಕ, ಇಷ್ಟನ್ನು ಬರೆದು ಸಂಸ್ಥೆಯ ಕಡತದಲ್ಲಿ ಇಡಿಸಬೇಕು. ಪಾಸ್‌ವರ್ಡನ್ನು ಆ ಹಾಳೆಯಲ್ಲಿ ಬರೆಯದೆ ಬೇರೆ ಲಕೋಟೆಯಲ್ಲಿ ಮುಚ್ಚಿ, ಕಾರ್ಯದರ್ಶಿ ಬದಲಾದಾಗ ಪಾಸ್‌ವರ್ಡ್ ಬದಲಿಸಿ, ಲಕೋಟೆಯನ್ನೂ ಬದಲಿಸಬೇಕು.

– ಕಂಪ್ಯೂಟರ್ ಬೋಧಕ, ಹಾಸನ